ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಮಿಷನ್‌ಗಳ ಚರಿತ್ರೆ: ಏನನ್ನು, ಯಾವ ಕ್ರಮದಲ್ಲಿ ಓದಬೇಕು

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮನೆಯೊಳಕ್ಕೆ ಈ ವಿಷಯ ಬಹುಮಟ್ಟಿಗೆ ಮಕ್ಕಳ ಶಾಲಾ ಚೀಲದ ಮೂಲಕವೇ ಬರುತ್ತದೆ. ಅಲ್ಲಿ ನಾಲ್ಕನೇ ತರಗತಿಯಲ್ಲಿ ರಾಜ್ಯದ ಚರಿತ್ರೆಯನ್ನು ಕಲಿಸುವಾಗ ಸ್ಪ್ಯಾನಿಷ್ ಮಿಷನ್‌ಗಳ, ಅಂದರೆ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಿ ಒಂದೆಡೆ ನೆಲೆಗೊಳಿಸಿ ದುಡಿಸಲು ಸ್ಪೇನಿನ ಪಾದ್ರಿಗಳು ಸ್ಥಾಪಿಸಿದ ಕೇಂದ್ರಗಳ, ಪಾಠವಿರುತ್ತದೆ. ಹಲವು ದಶಕಗಳ ಕಾಲ ಆ ಪಾಠದ ಜೊತೆಗೆ ಸಕ್ಕರೆ ಬಿಲ್ಲೆಗಳಿಂದಲೋ ಐಸ್‌ಕ್ರೀಮ್ ಕಡ್ಡಿಗಳಿಂದಲೋ ಮಿಷನ್ ಕಟ್ಟಡದ ಮಾದರಿಯನ್ನು ಮಾಡಿಸುವ ರೂಢಿಯೂ ಇತ್ತು. ಇಂಥ ಮಾದರಿಗಳಿಂದ ಆ ಕಾಲದ ಬದುಕು ಮಕ್ಕಳಿಗೆ ಅರ್ಥವಾಗುವುದಿಲ್ಲ, ಅನೇಕರ ಮನಸ್ಸಿಗೆ ಅವು ನೋವನ್ನೂ ಉಂಟುಮಾಡುತ್ತವೆ ಎಂದು 2016ರಲ್ಲಿ ಅಂಗೀಕಾರವಾದ ರಾಜ್ಯದ ಪಠ್ಯ ಚೌಕಟ್ಟು ಹೇಳಿತು. ಮಾದರಿಯನ್ನು ಬದಿಗಿಟ್ಟು ಪುಸ್ತಕ ತೆರೆಯಬೇಕೆನ್ನುವ ತಂದೆತಾಯಿಗಳಿಗೂ, ಪ್ರವಾಸದಲ್ಲಿ ಒಂದೆರಡು ಮಿಷನ್‌ಗಳನ್ನು ನೋಡಿ ಬಂದು ಇನ್ನಷ್ಟು ತಿಳಿಯಬಯಸುವವರಿಗೂ, ವಸಾಹತು ಚರಿತ್ರೆಯನ್ನು ಅಭ್ಯಾಸ ಮಾಡುವ ಕರ್ನಾಟಕದ ವಿದ್ಯಾರ್ಥಿಗಳಿಗೂ ನೆರವಾಗಲೆಂದು ಈ ಓದಿನ ಕ್ರಮವನ್ನು ಬರೆದಿದ್ದೇನೆ.

ಈ ವಿಷಯದಲ್ಲಿ ಓದುವ ಕ್ರಮಕ್ಕೆ ಬಹಳ ಬೆಲೆಯಿದೆ. ಆ ಕಾಲದ ಕಾಗದಪತ್ರಗಳೆಲ್ಲವೂ ಹೆಚ್ಚುಕಡಿಮೆ ಪಾದ್ರಿಗಳ, ಸೇನಾಧಿಕಾರಿಗಳ ಹಾಗೂ ಗವರ್ನರುಗಳ ಕೈಯಿಂದ ಬಂದವು. ಮಿಷನ್‌ಗಳ ಗೋಡೆ ಕಟ್ಟಿದ, ಹೊಲ ಉತ್ತ, ದನ ಕಾಯ್ದ, ಅಲ್ಲಿಯೇ ಸತ್ತು ಮಣ್ಣಾದ ಮೂಲನಿವಾಸಿಗಳು ತಾವೇ ಬರೆದದ್ದು ಬೆರಳೆಣಿಕೆಯಷ್ಟು ಪುಟಗಳು ಮಾತ್ರ. ಹೀಗಿರುವಾಗ ಕೈಗೆ ಮೊದಲು ಸಿಕ್ಕಿದ ಪುಸ್ತಕದಿಂದ ಆರಂಭಿಸಿದರೆ ಪಾದ್ರಿಯ ಕಣ್ಣೇ ನಮ್ಮ ಕಣ್ಣಾಗಿಬಿಡುತ್ತದೆ, ಮೂಲನಿವಾಸಿಗಳ ಮಾತು ಕೊನೆಯ ಅಧ್ಯಾಯದ ಅನುಬಂಧವಾಗಿ ಉಳಿಯುತ್ತದೆ. ಆದ್ದರಿಂದ ಆ ಕೆಲವೇ ಪುಟಗಳನ್ನು ಆರಂಭದಲ್ಲಿಯೇ ಓದಿಕೊಂಡು, ಅವುಗಳ ಬೆಳಕಿನಲ್ಲಿ ಉಳಿದ ರಾಶಿಯನ್ನು ನೋಡುವಂತೆ ಇಲ್ಲಿ ಹೆಜ್ಜೆಗಳನ್ನು ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ಪುಸ್ತಕಕ್ಕೆ ಮುಂಚೆ ಒಂದು ಹಾಳೆ

ಒಂದು ಹಾಳೆಯಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯನ್ನು ಬರೆದುಕೊಂಡು, ದಕ್ಷಿಣದ ಸ್ಯಾನ್ ಡಿಯೇಗೊದಿಂದ ಉತ್ತರದ ಸೊನೋಮಾವರೆಗೆ 21 ಮಿಷನ್‌ಗಳನ್ನು ಗುರುತಿಸಿಕೊಳ್ಳಿ. ಪ್ರತಿಯೊಂದರ ಪಕ್ಕದಲ್ಲಿ ಸ್ಥಾಪನೆಯ ವರ್ಷವನ್ನು ಬರೆಯಿರಿ. ಪ್ರವಾಸಿ ನಕ್ಷೆಗಳನ್ನು ನೋಡಿದವರಿಗೆ ಇವು ದಕ್ಷಿಣದಿಂದ ಉತ್ತರಕ್ಕೆ ಒಂದಾದಮೇಲೊಂದು, ಕುದುರೆಯ ಮೇಲೆ ಒಂದು ದಿನದ ಪಯಣದಷ್ಟು ಅಂತರ ಬಿಟ್ಟು, ಸರದಲ್ಲಿ ಮಣಿ ಪೋಣಿಸಿದಂತೆ ಎದ್ದುನಿಂತವು ಎನಿಸುತ್ತದೆ. ವರ್ಷಗಳು ಬೇರೆಯೇ ಕಥೆ ಹೇಳುತ್ತವೆ. 1769ರ ಜುಲೈನಲ್ಲಿ ಸ್ಯಾನ್ ಡಿಯೇಗೊ ಸ್ಥಾಪನೆಯಾದ ಮರುವರ್ಷವೇ ಎರಡನೆಯ ಮಿಷನ್ ಎದ್ದದ್ದು ಬಹುದೂರದ ಉತ್ತರದಲ್ಲಿ, ಮಾಂಟೆರೆಯಲ್ಲಿ. ನಡುವಿನ ಸ್ಥಳಗಳು ತುಂಬಿಕೊಳ್ಳಲು ದಶಕಗಳೇ ಹಿಡಿದವು. ಸ್ಯಾನ್ ಹೋಸೆ, ಸ್ಯಾನ್ ಹ್ವಾನ್ ಬವುಟಿಸ್ಟಾ, ಸ್ಯಾನ್ ಮಿಗೆಲ್, ಸ್ಯಾನ್ ಫರ್ನಾಂಡೊ ಈ ನಾಲ್ಕೂ 1797ರ ಒಂದೇ ವರ್ಷದಲ್ಲಿ ಸ್ಥಾಪನೆಯಾದವು. ಕೊನೆಯದಾದ ಸ್ಯಾನ್ ಫ್ರಾನ್ಸಿಸ್ಕೊ ಸೊಲಾನೊ 1823ರಲ್ಲಿ ಎದ್ದಾಗ ಸ್ಪೇನ್ ಈ ನಾಡನ್ನು ಕಳೆದುಕೊಂಡು ಮೆಕ್ಸಿಕೊ ಸ್ವತಂತ್ರವಾಗಿತ್ತು.

ಅದೇ ಹಾಳೆಯಲ್ಲಿ ಸ್ಯಾನ್ ಡಿಯೇಗೊ, ಸಾಂಟಾ ಬಾರ್ಬರಾ, ಮಾಂಟೆರೆ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿದ್ದ ನಾಲ್ಕು ಸೈನಿಕ ಠಾಣೆಗಳನ್ನೂ, ಸ್ಯಾನ್ ಹೋಸೆ, ಲಾಸ್ ಏಂಜಲಿಸ್ ಮತ್ತು ಬ್ರಾನ್ಸಿಫೋರ್ಟೆ ಎಂಬ ಮೂರು ನಾಗರಿಕ ವಸತಿಗಳನ್ನೂ ಬೇರೆ ಬಣ್ಣದಲ್ಲಿ ಗುರುತಿಸಿ. ಈ ಕಡಲತೀರಕ್ಕೆ ರಷ್ಯನ್ನರು ಇಳಿದುಬರಬಹುದೆಂಬ ಭಯದಿಂದ, ಮೆಕ್ಸಿಕೊದಲ್ಲಿ ರಾಜನ ಪ್ರತಿನಿಧಿಯಾಗಿದ್ದ ಹೋಸೆ ದೆ ಗಾಲ್ವೆಸ್ ಯೋಜಿಸಿದ ಕಾರ್ಯ ಇದು. ಧರ್ಮಪ್ರಚಾರವೂ ಗಡಿರಕ್ಷಣೆಯೂ ಒಂದೇ ಹಡಗಿನಲ್ಲಿ ಬಂದವು. ಈ ಬಣ್ಣದ ಗುರುತುಗಳು ಕಣ್ಣ ಮುಂದೆ ಇದ್ದರೆ, ಮಿಷನ್ ಎಂದರೆ ಏಕಾಂತದಲ್ಲಿ ನಿಂತ ಒಂದು ದೇವಾಲಯ ಎಂಬ ತಪ್ಪು ಕಲ್ಪನೆ ಹುಟ್ಟುವುದೇ ಇಲ್ಲ.

ನಕ್ಷೆಯ ಮೇಲೆ ಮೂರನೆಯ ಪದರವಾಗಿ ಮೂಲನಿವಾಸಿ ಸಮುದಾಯಗಳ ಹೆಸರುಗಳನ್ನು ಬರೆಯಿರಿ: ಸ್ಯಾನ್ ಡಿಯೇಗೊದ ಸುತ್ತ ಕುಮೆಯಾಯ್, ಲಾಸ್ ಏಂಜಲಿಸ್ ಬಯಲಿನಲ್ಲಿ ಟೋಂಗ್ವಾ, ಸಾಂಟಾ ಬಾರ್ಬರಾ ತೀರದಲ್ಲಿ ಚುಮಾಶ್, ಮಾಂಟೆರೆಯಲ್ಲಿ ಎಸ್ಸೆಲೆನ್ ಮತ್ತು ಒಲೋನಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಒಲೋನಿ ಭಾಷೆಗಳನ್ನಾಡುವ ಹಲವು ಗುಂಪುಗಳು. ಹಳೆಯ ಪುಸ್ತಕಗಳು ಇವರನ್ನು ಮಿಷನ್‌ಗಳ ಹೆಸರಿನಿಂದಲೇ ಗುರುತಿಸುತ್ತವೆ. ಸ್ಯಾನ್ ಗೇಬ್ರಿಯೆಲ್ ಮಿಷನ್‌ಗೆ ಸೇರಿದವರು ಗೇಬ್ರಿಯೆಲೆನ್ಯೊ, ಸ್ಯಾನ್ ಲೂಯಿಸ್ ರೇಗೆ ಸೇರಿದವರು ಲುಯಿಸೆನ್ಯೊ ಎಂಬಂತೆ. ಎರಡೂ ಹೆಸರುಗಳನ್ನು ಜೊತೆಯಾಗಿ ಬರೆದಿಟ್ಟುಕೊಳ್ಳದಿದ್ದರೆ, ಒಂದು ಪುಸ್ತಕದಲ್ಲಿ ಓದಿದ ಜನರೇ ಇನ್ನೊಂದರಲ್ಲಿ ಅಪರಿಚಿತರಂತೆ ಕಾಣುತ್ತಾರೆ.

ಎರಡನೆಯ ಹೆಜ್ಜೆ: ಕೆಲವು ಪದಗಳು

‘ಪಾದ್ರಿ’ ಎಂಬ ಪದಕ್ಕೆ ನಮಗೆ ಅರ್ಥಕೋಶ ಬೇಕಿಲ್ಲ. ಪೋರ್ಚುಗೀಸರ ಮೂಲಕ ಕನ್ನಡಕ್ಕೆ ಬಂದ ಆ ಪದವೇ ಸ್ಪ್ಯಾನಿಷಿನಲ್ಲಿಯೂ ಇದೆ. ಉಳಿದವುಗಳಲ್ಲಿ ‘ನಿಯೊಫಿತೊ’ ಎಂದರೆ ಹೊಸದಾಗಿ ದೀಕ್ಷಾಸ್ನಾನ ಪಡೆದವನು. ಪದ ಸೌಮ್ಯವಾಗಿ ಕಂಡರೂ, ಒಮ್ಮೆ ದೀಕ್ಷಾಸ್ನಾನ ಪಡೆದವನು ಪಾದ್ರಿಯ ಅನುಮತಿಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ, ಹೋದವರನ್ನು ಹಿಡಿದು ತರಲು ಸೈನಿಕರನ್ನು ಕಳುಹಿಸಲಾಗುತ್ತಿತ್ತು ಎಂಬುದನ್ನು ಆ ಪದದ ಎದುರಿಗೆ ಬರೆದುಕೊಳ್ಳಬೇಕು. ‘ಮೊನ್ಹೆರಿಯೊ’ ಎಂದರೆ ಅವಿವಾಹಿತ ಹೆಣ್ಣುಮಕ್ಕಳನ್ನು ರಾತ್ರಿಯ ಹೊತ್ತು ಬೀಗ ಹಾಕಿ ಇರಿಸುತ್ತಿದ್ದ ಕೋಣೆ. ‘ಅಲ್ಕಾಲ್ಡೆ’ ಎಂದರೆ ಮಿಷನ್‌ನ ಮೂಲನಿವಾಸಿಗಳಲ್ಲಿಯೇ ಆಯ್ಕೆಯಾದ ಮುಖ್ಯಸ್ಥ. ‘ಹೆಂಟೆ ದೆ ರಸೋನ್’, ಅಂದರೆ ‘ವಿವೇಕವುಳ್ಳ ಜನ’, ಎಂಬುದು ಸ್ಪ್ಯಾನಿಷ್ ರೀತಿಯಲ್ಲಿ ಬದುಕುವವರಿಗೆ ಅಂದಿನ ದಾಖಲೆಗಳು ಕೊಡುವ ಹೆಸರು. ಆ ಎಣಿಕೆಯಿಂದ ಹೊರಗೆ ಯಾರಿದ್ದರು ಎಂಬುದನ್ನು ಪದವೇ ತಿಳಿಸುತ್ತದೆ.

ಮೂರನೆಯ ಹೆಜ್ಜೆ: ಪಾಬ್ಲೊ ಟಾಕ್

ದಪ್ಪ ಪುಸ್ತಕಗಳಿಗೆ ಮುಂಚೆ ಒಬ್ಬ ಹುಡುಗನ ಬರಹವನ್ನು ಓದಿ. ಪಾಬ್ಲೊ ಟಾಕ್ 1822ರಲ್ಲಿ ಸ್ಯಾನ್ ಲೂಯಿಸ್ ರೇ ಮಿಷನ್‌ನಲ್ಲಿ ಹುಟ್ಟಿದ ಲುಯಿಸೆನ್ಯೊ ಬಾಲಕ. ಆ ಮಿಷನ್‌ನ ಪಾದ್ರಿ ಆಂಟೋನಿಯೊ ಪೇರಿ 1832ರಲ್ಲಿ ಊರು ಬಿಟ್ಟು ಹೊರಟಾಗ ಇವನನ್ನೂ ಅಗಾಪಿಟೊ ಎಂಬ ಇನ್ನೊಬ್ಬ ಹುಡುಗನನ್ನೂ ಕರೆದೊಯ್ದರು. ಇಬ್ಬರೂ ರೋಮ್ ನಗರಕ್ಕೆ ಸೇರಿ ಅಲ್ಲಿ ವ್ಯಾಸಂಗ ಮಾಡಿದರು, ಇಬ್ಬರೂ ತಾಯ್ನಾಡಿಗೆ ಹಿಂದಿರುಗಲಿಲ್ಲ. ಟಾಕ್ 1841ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ರೋಮ್‌ನಲ್ಲಿ ತೀರಿಕೊಂಡ. ಅಷ್ಟರೊಳಗೆ ಅವನು ತನ್ನ ಮಾತೃಭಾಷೆಯ ವ್ಯಾಕರಣವನ್ನೂ ಪದಕೋಶದ ಒಂದು ಭಾಗವನ್ನೂ, ತನ್ನ ಜನರ ಬದುಕಿನ ಬಗ್ಗೆ ಒಂದು ಕಿರು ವೃತ್ತಾಂತವನ್ನೂ ಬರೆದಿಟ್ಟಿದ್ದ. ಮಿಷನ್ ಕಾಲದಲ್ಲಿ ಬಾಳಿದ ಕ್ಯಾಲಿಫೋರ್ನಿಯಾದ ಮೂಲನಿವಾಸಿಯೊಬ್ಬ ತನ್ನ ಕೈಯಾರೆ ಬರೆದ ಇಂಥ ಕಥನ ನಮಗೆ ಉಳಿದಿರುವುದು ತೀರ ಅಪರೂಪ.

ಆ ವೃತ್ತಾಂತದಲ್ಲಿ ಕುಣಿತಗಳ ವಿವರವಿದೆ, ಚೆಂಡಾಟವಿದೆ, ಮಿಷನ್‌ನ ತೋಟಕ್ಕೆ ನುಗ್ಗಿದ ಹುಡುಗನ ಪ್ರಸಂಗವಿದೆ. ಮೊದಲ ಬಾರಿ ಸ್ಪ್ಯಾನಿಷರು ಬಂದಾಗ ಊರಿನ ನಾಯಕ ಎದುರು ನಿಂತು, ಇಲ್ಲಿ ನಿಮಗೇನು ಬೇಕು, ನಮ್ಮ ನಾಡಿನಿಂದ ಹೊರಡಿ ಎಂದು ಅವರನ್ನು ಕೇಳಿದ ಸಂಗತಿಯೂ ಇದೆ. ಹುಡುಗ ಬರೆಯುತ್ತಿದ್ದದ್ದು ಚರ್ಚಿನ ಆಶ್ರಯದಲ್ಲಿ, ಚರ್ಚಿನ ಹಿರಿಯರು ಓದಲೆಂದು. ಅವನು ಕ್ರೈಸ್ತನಾಗಿಯೇ, ಪಾದ್ರಿಯ ಬಗ್ಗೆ ಗೌರವವಿಟ್ಟುಕೊಂಡೇ ಬರೆಯುತ್ತಾನೆ. ಆದರೂ ‘ನಮ್ಮ ನಾಡು’ ಎಂಬ ಮಾತು ಆ ಪುಟಗಳಲ್ಲಿ ಗಟ್ಟಿಯಾಗಿ ನಿಂತಿದೆ. ಲಿಸ್ಬೆತ್ ಹಾಸ್ 2011ರಲ್ಲಿ ‘ಪಾಬ್ಲೊ ಟಾಕ್, ಇಂಡಿಜಿನಸ್ ಸ್ಕಾಲರ್’ ಎಂಬ ಹೆಸರಿನಲ್ಲಿ ಈ ಬರಹಗಳನ್ನು ಹೊರತಂದಿದ್ದಾರೆ. ಪುಸ್ತಕದ ಹೆಸರಿನಲ್ಲಿಯೇ ಅವನನ್ನು ವಿದ್ವಾಂಸನೆಂದು ಕರೆದಿರುವುದು ಯೋಗ್ಯವಾಗಿದೆ. ಕಿಟ್ಟೆಲ್ ಅವರ ನಿಘಂಟಿನ ಬೆನ್ನಹಿಂದೆ ದುಡಿದ ಕನ್ನಡ ಬಲ್ಲವರನ್ನು ನೆನೆಯುವ ನಮಗೆ, ಪರದೇಶದಲ್ಲಿ ಕುಳಿತು ತನ್ನ ನುಡಿಯನ್ನು ಕಾಗದಕ್ಕಿಳಿಸಿದ ಈ ಹುಡುಗನ ಶ್ರಮ ಎಷ್ಟೆಂದು ಊಹಿಸುವುದು ಕಷ್ಟವಲ್ಲ.

ನಾಲ್ಕನೆಯ ಹೆಜ್ಜೆ: ಒಟ್ಟು ಚಿತ್ರ ಕೊಡುವ ಎರಡು ಪುಸ್ತಕಗಳು

ಈಗ ವಿಸ್ತಾರವಾದ ಓದಿಗೆ ಇಳಿಯಬಹುದು. ರೋಸ್ ಮೇರಿ ಬೀಬಿ ಮತ್ತು ರಾಬರ್ಟ್ ಸೆನ್‌ಕೆವಿಚ್ ಸಂಪಾದಿಸಿದ ‘ಲ್ಯಾಂಡ್ಸ್ ಆಫ್ ಪ್ರಾಮಿಸ್ ಅಂಡ್ ಡಿಸ್ಪೇರ್’ (2001) 1535ರಿಂದ 1846ರವರೆಗಿನ ಮೂಲ ದಾಖಲೆಗಳ ಇಂಗ್ಲಿಷ್ ಅನುವಾದಗಳ ಸಂಕಲನ. ಪತ್ರ, ದಿನಚರಿ, ಅರ್ಜಿ, ನೆನಪು ಹೀಗೆ ಬಗೆಬಗೆಯ ಬರಹಗಳಿರುವುದರಿಂದ ದಿನಕ್ಕೊಂದರಂತೆ ಓದಲು ಅನುಕೂಲ. ಇದರ ಜೊತೆಗೆ ಸ್ಟೀವನ್ ಹ್ಯಾಕೆಲ್ ಅವರ ‘ಚಿಲ್ಡ್ರನ್ ಆಫ್ ಕಯೋಟಿ, ಮಿಷನರೀಸ್ ಆಫ್ ಸೇಂಟ್ ಫ್ರಾನ್ಸಿಸ್’ (2005) ಎಂಬ ಪುಸ್ತಕವನ್ನು ಇಟ್ಟುಕೊಳ್ಳಿ. ಒಂದೇ ಒಂದು ಇತಿಹಾಸ ಗ್ರಂಥವನ್ನು ಓದಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಮಾಂಟೆರೆ ಪ್ರದೇಶದ ಸ್ಯಾನ್ ಕಾರ್ಲೋಸ್ ಮಿಷನ್ನನ್ನು ನಡುವೆ ಇಟ್ಟುಕೊಂಡು, ದುಡಿಮೆ, ಮದುವೆ, ಶಿಕ್ಷೆ, ಅಲ್ಕಾಲ್ಡೆಗಳ ಅಧಿಕಾರ ಇವನ್ನೆಲ್ಲ ಈ ಗ್ರಂಥ ಒಂದೊಂದಾಗಿ ಬಿಡಿಸುತ್ತದೆ. ಸ್ಪ್ಯಾನಿಷರ ದನಕುದುರೆಗಳ ಮೇಯುವಿಕೆಯಿಂದ ಮೂಲನಿವಾಸಿಗಳ ಕಾಳುಹುಲ್ಲಿನ ಬಯಲುಗಳು ಹಾಳಾದದ್ದು, ಅದೇ ವೇಳೆಗೆ ರೋಗಗಳು ಊರೂರಿಗೆ ಹರಡಿದ್ದು, ಈ ಎರಡೂ ಸೇರಿ ಜನರನ್ನು ಮಿಷನ್‌ನ ಬಾಗಿಲಿಗೆ ತಳ್ಳಿದ ಬಗೆಯನ್ನು ಅದು ತೋರಿಸುತ್ತದೆ. ‘ಅವರೇ ತಾವಾಗಿ ಬಂದರು’ ಮತ್ತು ‘ಅವರನ್ನು ಎಳೆದು ತಂದರು’ ಎಂಬ ಎರಡೇ ಉತ್ತರಗಳ ನಡುವೆ ಸಿಕ್ಕಿಕೊಂಡ ವಾದವನ್ನು ಈ ವಿವರಣೆ ಬಿಡಿಸಿಕೊಡುತ್ತದೆ.

ಐದನೆಯ ಹೆಜ್ಜೆ: ಪಾದ್ರಿಗಳ ಪತ್ರಗಳು

ಹುನಿಪೆರೊ ಸೆರ್ರಾ ಅವರ ಜೀವನಚರಿತ್ರೆಯಿಂದ ಓದು ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ, ಆದರೆ ಅವರನ್ನು ಓದದೆ ಬಿಡಲೂ ಬಾರದು. ಮಯೋರ್ಕಾ ದ್ವೀಪದ ಪೆಟ್ರಾ ಎಂಬ ಊರಿನಲ್ಲಿ 1713ರಲ್ಲಿ ಹುಟ್ಟಿ, 1784ರಲ್ಲಿ ಸ್ಯಾನ್ ಕಾರ್ಲೋಸ್ ಮಿಷನ್‌ನಲ್ಲಿ ತೀರಿಕೊಂಡ, ಫ್ರಾನ್ಸಿಸ್ಕನ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಈ ಪಾದ್ರಿಯೇ ಕ್ಯಾಲಿಫೋರ್ನಿಯಾದ ಮಿಷನ್‌ಗಳ ಮೊದಲ ಮುಖ್ಯಸ್ಥರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್, ಸ್ಯಾಕ್ರಮೆಂಟೊಗಳಲ್ಲಿ ಪ್ರತಿಭಟನಕಾರರು ಅವರ ಪ್ರತಿಮೆಗಳನ್ನು ಉರುಳಿಸಿದರು. ಹೀಗೆ ಪೂಜೆ ಮತ್ತು ಕೋಪ ಎರಡಕ್ಕೂ ಗುರಿಯಾದ ಮನುಷ್ಯನನ್ನು ಅವರ ಪತ್ರಗಳಲ್ಲಿಯೇ ನೋಡುವುದು ಒಳ್ಳೆಯದು. ಅವು ಆಂಟೊನೀನ್ ಟಿಬೆಸಾರ್ ಅವರ ಸಂಪಾದನೆಯಲ್ಲಿ, ಸ್ಪ್ಯಾನಿಷ್ ಮೂಲ ಮತ್ತು ಇಂಗ್ಲಿಷ್ ಅನುವಾದ ಎರಡನ್ನೂ ಒಳಗೊಂಡು, 1955ರಿಂದ 1966ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಗಿವೆ.

ನಾಲ್ಕೂ ಸಂಪುಟಗಳನ್ನು ಓದಬೇಕಾಗಿಲ್ಲ, ಎರಡು ಪತ್ರಗಳನ್ನು ಎದುರುಬದುರು ಇಟ್ಟುಕೊಳ್ಳಿ. 1775ರ ನವೆಂಬರ್‌ನಲ್ಲಿ ಕುಮೆಯಾಯ್ ಜನರು ಸ್ಯಾನ್ ಡಿಯೇಗೊ ಮಿಷನ್ನನ್ನು ಸುಟ್ಟು, ಲೂಯಿಸ್ ಹೈಮೆ ಎಂಬ ಪಾದ್ರಿಯನ್ನು ಕೊಂದರು. ಸುದ್ದಿ ತಲುಪಿದ ಮೇಲೆ ಸೆರ್ರಾ ಡಿಸೆಂಬರ್‌ನಲ್ಲಿ ವೈಸರಾಯ್ ಬುಕರೇಲಿಗೆ ಪತ್ರ ಬರೆದು, ದಾಳಿ ಮಾಡಿದವರನ್ನು ಕೊಲ್ಲದೆ ಕ್ಷಮಿಸಬೇಕು ಎಂದು ಬೇಡಿಕೊಂಡರು. ಇದು ಮೊದಲನೆಯ ಪತ್ರ. ಎರಡನೆಯದು 1780ರ ಜನವರಿಯಲ್ಲಿ ಗವರ್ನರ್ ಫೆಲಿಪೆ ದೆ ನೆವೆಗೆ ಬರೆದದ್ದು. ಅದರಲ್ಲಿ ಅದೇ ಸೆರ್ರಾ, ಮಕ್ಕಳಂತಿರುವ ಮೂಲನಿವಾಸಿಗಳನ್ನು ಆಧ್ಯಾತ್ಮಿಕ ತಂದೆಗಳಾದ ಪಾದ್ರಿಗಳು ಹೊಡೆದು ತಿದ್ದುವುದು ಈ ರಾಜ್ಯಗಳು ವಶವಾದಂದಿನಿಂದಲೂ ನಡೆದುಬಂದ ಪದ್ಧತಿ ಎಂದು ಛಡಿಯೇಟನ್ನು ಸಮರ್ಥಿಸುತ್ತಾರೆ. ಕ್ಷಮೆ ಬೇಡಿದ ಕೈಯೇ ಛಡಿಯನ್ನು ಎತ್ತಿಹಿಡಿದಿದೆ. ಎರಡೂ ಪತ್ರಗಳ ಹಿಂದಿರುವ ಭಾವನೆ ಒಂದೇ: ಇವರು ಎಂದಿಗೂ ಬೆಳೆಯದ ಮಕ್ಕಳು, ನಾವು ತಂದೆಗಳು. ಇದನ್ನು ಗ್ರಹಿಸಿಕೊಂಡರೆ ಪಾದ್ರಿಗಳ ಉಳಿದ ಬರಹಗಳನ್ನು ಓದಲು ಬೇಕಾದ ಕೀಲಿಕೈ ಸಿಕ್ಕಿದಂತೆ.

ಕೊಲೆಯಾದ ಲೂಯಿಸ್ ಹೈಮೆಯವರದೇ ಒಂದು ಪತ್ರವೂ ಉಳಿದಿದೆ. ತಾನು ಸಾಯುವ ಮೂರು ವರ್ಷ ಮೊದಲು, 1772ರ ಅಕ್ಟೋಬರ್‌ನಲ್ಲಿ, ಠಾಣೆಯ ಸೈನಿಕರು ಸುತ್ತಲ ಹಳ್ಳಿಗಳ ಹೆಂಗಸರ ಮೇಲೆ ಅತ್ಯಾಚಾರ ನಡೆಸುತ್ತಿರುವುದನ್ನು ಅವರು ಮೇಲಿನವರಿಗೆ ದುಃಖದಿಂದ ಬರೆದು ತಿಳಿಸಿದ್ದರು. 1775ರ ಬೆಂಕಿಗೆ ಕಾರಣಗಳನ್ನು ಹುಡುಕುವ ಓದುಗರು ಈ ಪತ್ರವನ್ನು ತಪ್ಪದೆ ಓದಬೇಕು.

ಇದೇ ಹಂತದಲ್ಲಿ ನೋಡಬೇಕಾದ ಇನ್ನೊಂದು ಆಕರವಿದೆ. ಸ್ಪೇನ್ ಸರ್ಕಾರ 1812ರಲ್ಲಿ ಸಿದ್ಧಪಡಿಸಿದ 36 ಪ್ರಶ್ನೆಗಳಿಗೆ ಮಿಷನ್‌ಗಳ ಪಾದ್ರಿಗಳು 1813ರಿಂದ 1815ರವರೆಗೆ ಕಳುಹಿಸಿದ ಉತ್ತರಗಳು ‘ಆ್ಯಸ್ ದ ಪಾದ್ರೆಸ್ ಸಾ ದೆಮ್’ ಎಂಬ ಪುಸ್ತಕದಲ್ಲಿ ಸಿಗುತ್ತವೆ. ಆಡುವ ಭಾಷೆ, ಆಹಾರ, ರೋಗ, ಮದುವೆ, ಮೂಢನಂಬಿಕೆ ಹೀಗೆ ಪ್ರಶ್ನೆಗಳು ಸಾಗುತ್ತವೆ. ಒಂದೇ ಪ್ರಶ್ನೆಗೆ ಬೇರೆ ಬೇರೆ ಮಿಷನ್‌ಗಳಿಂದ ಬಂದ ಉತ್ತರಗಳನ್ನು ಸಾಲಾಗಿ ಓದಿದರೆ, ಜನರನ್ನು ಹತ್ತಿರದಿಂದ ನೋಡಿದ ಪಾದ್ರಿ ಯಾರು, ಕಾಟಾಚಾರಕ್ಕೆ ಬರೆದವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ.

ಆರನೆಯ ಹೆಜ್ಜೆ: ವಿಚಾರಣೆಯ ಕಾಗದಗಳನ್ನು ಓದುವ ಬಗೆ

ಈ ಹೆಜ್ಜೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1785ರ ಅಕ್ಟೋಬರ್‌ನಲ್ಲಿ ಸ್ಯಾನ್ ಗೇಬ್ರಿಯೆಲ್ ಮಿಷನ್ ಮೇಲೆ ದಾಳಿ ಮಾಡಲು ಹಲವು ಹಳ್ಳಿಗಳ ಟೋಂಗ್ವಾ ಜನರು ರಾತ್ರಿಯಲ್ಲಿ ಬಂದರು. ಸುಳಿವು ಸಿಕ್ಕಿದ್ದ ಸೈನಿಕರು ಅವರನ್ನು ಹಿಡಿದರು. ಸೆರೆಯಾದವರಲ್ಲಿ ದೀಕ್ಷಾಸ್ನಾನ ಪಡೆಯದ ಟೊಯ್‌ಪುರೀನಾ ಎಂಬ ತರುಣಿಯೂ, ಮಿಷನ್‌ನಲ್ಲಿಯೇ ಅಲ್ಕಾಲ್ಡೆಯಾಗಿದ್ದ ನಿಕೊಲಾಸ್ ಹೋಸೆ ಎಂಬವನೂ ಇದ್ದರು. ವಿಚಾರಣೆಯ ಬರಹ ಉಳಿದುಬಂದಿದೆ.

1958ರಲ್ಲಿ ಪ್ರಕಟವಾದ ಒಂದು ಲೇಖನ ಟೊಯ್‌ಪುರೀನಾಳನ್ನು ಮಾಟಗಾತಿಯಂತೆ, ವೀರಾವೇಶದ ಮಾತುಗಳನ್ನಾಡುವ ನಾಯಕಿಯಂತೆ ಚಿತ್ರಿಸಿತು. ಆ ಚಿತ್ರವೇ ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಹ್ಯಾಕೆಲ್ ಅವರು 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೂಲ ವಿಚಾರಣೆಯ ಕಾಗದಗಳಿಗೆ ಹಿಂದಿರುಗಿ, ಹಳೆಯ ಲೇಖನ ಬಹಳಷ್ಟನ್ನು ಕಲ್ಪಿಸಿ ಸೇರಿಸಿತ್ತು ಎಂದು ತೋರಿಸಿದರು. ಮೂಲದಲ್ಲಿ ಎದ್ದುಕಾಣುವುದು ನಿಕೊಲಾಸ್ ಹೋಸೆಯ ದೂರು: ತಮ್ಮ ಕುಣಿತಗಳನ್ನೂ ಆಚರಣೆಗಳನ್ನೂ ನಿಷೇಧಿಸಲಾಗಿದೆ ಎಂಬುದು. ಟೊಯ್‌ಪುರೀನಾಳ ಮಾತಿನಲ್ಲಿರುವುದು ತನ್ನ ನೆಲದಲ್ಲಿ ಬಂದು ಕುಳಿತವರ ಮೇಲಿನ ಸಿಟ್ಟು. ಮುಂದೆ ಅವಳು ದೀಕ್ಷಾಸ್ನಾನ ಪಡೆದಳು, ಊರಿನಿಂದ ದೂರದ ಉತ್ತರಕ್ಕೆ ಗಡಿಪಾರಾದಳು, ಒಬ್ಬ ಸೈನಿಕನನ್ನು ಮದುವೆಯಾದಳು, 1799ರಲ್ಲಿ ಸ್ಯಾನ್ ಹ್ವಾನ್ ಬವುಟಿಸ್ಟಾದಲ್ಲಿ ಕೊನೆಯುಸಿರೆಳೆದಳು.

ಓದುಗರು ಇಲ್ಲಿ ಕಲಿಯಬೇಕಾದ ಅಭ್ಯಾಸ ಹೀಗಿದೆ. ಬಂಧಿತೆ ತನ್ನ ನುಡಿಯಲ್ಲಿ ಹೇಳಿದಳು. ದುಭಾಷಿ ಅದನ್ನು ಸ್ಪ್ಯಾನಿಷಿಗೆ ತಿರುಗಿಸಿದ. ಬರಹಗಾರ ಅದನ್ನು ‘ಅವಳು ಹೀಗೆಂದಳು’ ಎಂದು ಪರೋಕ್ಷವಾಗಿ ಬರೆದುಕೊಂಡ. ಶತಮಾನದ ನಂತರ ಇತಿಹಾಸಕಾರ ಅದನ್ನು ಇಂಗ್ಲಿಷಿಗೆ ತಂದ. ನೀವು ಓದುವ ಪುಸ್ತಕದಲ್ಲಿ ಮೂಲನಿವಾಸಿಯೊಬ್ಬರ ಮಾತು ಉದ್ಧರಣ ಚಿಹ್ನೆಗಳೊಳಗೆ ನೇರವಾಗಿ, ನಾಟಕದ ಸಂಭಾಷಣೆಯಷ್ಟು ಸೊಗಸಾಗಿ ಕಂಡುಬಂದರೆ, ಅಡಿಟಿಪ್ಪಣಿಯತ್ತ ಕಣ್ಣು ಹಾಯಿಸಿ, ಈ ನಾಲ್ಕು ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ಆ ಸೊಗಸು ಸೇರಿಕೊಂಡಿತು ಎಂದು ಕೇಳಿಕೊಳ್ಳಿ. ಅಡಿಟಿಪ್ಪಣಿಯೇ ಇಲ್ಲದಿದ್ದರೆ ಆ ಮಾತನ್ನು ನಿಮ್ಮ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳಬೇಡಿ.

ಬಾಯಿಮಾತಿನ ನೆನಪುಗಳನ್ನೂ ಇದೇ ಎಚ್ಚರದಿಂದ, ಆದರೆ ಇಷ್ಟೇ ಗೌರವದಿಂದ ಓದಬೇಕು. ಸಾಂಟಾ ಕ್ರೂಸ್ ಮಿಷನ್‌ನ ಲೊರೆನ್ಸೊ ಅಸಿಸಾರಾ 1877ರಲ್ಲಿ ಹೇಳಿ ಬರೆಸಿದ ನೆನಪುಗಳಲ್ಲಿ, 1812ರಲ್ಲಿ ಪಾದ್ರಿ ಕಿಂಟಾನಾ ಅವರನ್ನು ಮಿಷನ್‌ನ ಮೂಲನಿವಾಸಿಗಳು ಕೊಂದದ್ದರ ವಿವರವಿದೆ. ಕ್ರೂರವಾದ ಹೊಸ ಬಗೆಯ ಚಾವಟಿ ಅದಕ್ಕೆ ಕಾರಣವಾಯಿತು ಎಂದು ಅವರು ಹೇಳುತ್ತಾರೆ. ಘಟನೆ ನಡೆದಾಗ ಅಸಿಸಾರಾ ಇನ್ನೂ ಹುಟ್ಟಿರಲಿಲ್ಲ, ಕಥೆ ಅವರಿಗೆ ತಂದೆಯಿಂದ ಬಂದದ್ದು. ತಂದೆ ಮಗನಿಗೆ ಅದನ್ನು ಅಷ್ಟು ಬಿಡಿಬಿಡಿಯಾಗಿ ಹೇಳಿ ಉಳಿಸಿದ್ದಾರೆ ಎಂಬುದೇ ಒಂದು ಚಾರಿತ್ರಿಕ ಸಂಗತಿ.

ಏಳನೆಯ ಹೆಜ್ಜೆ: ನೋಂದಣಿ ಪುಸ್ತಕಗಳು

ಪ್ರತಿ ಮಿಷನ್‌ನಲ್ಲಿಯೂ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳಿಗೆ ಬೇರೆ ಬೇರೆ ನೋಂದಣಿ ಪುಸ್ತಕಗಳಿದ್ದವು. ದೀಕ್ಷಾಸ್ನಾನದ ಒಂದು ನಮೂದಿನಲ್ಲಿ ಕ್ರಮಸಂಖ್ಯೆ, ದಿನಾಂಕ, ಅಂದಾಜು ವಯಸ್ಸು, ಹೊಸದಾಗಿ ಇಟ್ಟ ಸ್ಪ್ಯಾನಿಷ್ ಹೆಸರು, ಪಾದ್ರಿಯ ಸಹಿ ಇರುತ್ತವೆ. ಹಲವು ವೇಳೆ ಹುಟ್ಟೂರಿನ ಹೆಸರು, ತಂದೆತಾಯಿಗಳ ಹೆಸರು, ಮೂಲ ಹೆಸರು ಕೂಡ ಸಿಗುತ್ತವೆ. ಲಾಸ್ ಏಂಜಲಿಸ್ ಬಳಿಯ ಸ್ಯಾನ್ ಮರೀನೊದ ಹಂಟಿಂಗ್ಟನ್ ಗ್ರಂಥಾಲಯ 1769ರಿಂದ 1850ರವರೆಗಿನ ಈ ನಮೂದುಗಳನ್ನು ಒಂದುಗೂಡಿಸಿ, 2006ರಲ್ಲಿ ‘ಅರ್ಲಿ ಕ್ಯಾಲಿಫೋರ್ನಿಯಾ ಪಾಪ್ಯುಲೇಶನ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಒಂದು ಲಕ್ಷಕ್ಕೂ ಹೆಚ್ಚು ದೀಕ್ಷಾಸ್ನಾನಗಳು, 27,000ಕ್ಕೂ ಹೆಚ್ಚು ಮದುವೆಗಳು, ಸುಮಾರು 71,000 ಶವಸಂಸ್ಕಾರಗಳು ಅದರಲ್ಲಿವೆ.

ಆರಂಭದವರಿಗೆ ಒಂದು ಸಣ್ಣ ಅಭ್ಯಾಸವನ್ನು ಸೂಚಿಸುತ್ತೇನೆ. ಒಂದು ಮಿಷನ್ನನ್ನೂ ಒಂದು ವರ್ಷವನ್ನೂ ಆರಿಸಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ದಡಾರ ಹಬ್ಬಿದ 1806ನೇ ವರ್ಷವಾದರೆ ಒಳ್ಳೆಯದು. ಆ ವರ್ಷ ಸತ್ತವರ ಪಟ್ಟಿಯನ್ನು ತೆಗೆದು, ಅವರಲ್ಲಿ ಹತ್ತು ಮಂದಿಯ ದೀಕ್ಷಾಸ್ನಾನದ ನಮೂದನ್ನು ಹುಡುಕಿ, ಇವರು ಯಾವ ಊರಿನವರು, ಮಿಷನ್‌ಗೆ ಬಂದು ಎಷ್ಟು ವರ್ಷವಾಗಿತ್ತು ಎಂದು ಬರೆದುಕೊಳ್ಳಿ. ಯಾವ ಪುಸ್ತಕವೂ ಮುಟ್ಟಿಸಲಾರದ ಸಂಗತಿಯನ್ನು ಆ ಹತ್ತು ಸಾಲುಗಳು ಮುಟ್ಟಿಸುತ್ತವೆ. ಹುಟ್ಟೂರಿನ ಹೆಸರುಗಳನ್ನು ಹೀಗೆಯೇ ಬೆನ್ನುಹತ್ತಿ, ಕೊಲ್ಲಿಯ ಸುತ್ತಲ ಹಳ್ಳಿಗಳು ಒಂದೊಂದಾಗಿ ಬರಿದಾದದ್ದನ್ನು ರ‍್ಯಾಂಡಲ್ ಮಿಲಿಕೆನ್ ‘ಎ ಟೈಮ್ ಆಫ್ ಲಿಟಲ್ ಚಾಯ್ಸ್’ (1995) ಎಂಬ ಗ್ರಂಥದಲ್ಲಿ ತೋರಿಸಿದ್ದಾರೆ. ಅಭ್ಯಾಸದ ನಂತರ ಅದನ್ನು ಓದಿದರೆ ಪ್ರತಿ ಪುಟದ ಹಿಂದಿನ ದುಡಿಮೆ ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಸೈನಿಕರ ಹಾಗೂ ವಲಸೆಗಾರರ ಮನೆಯವರೂ ಈ ಪುಸ್ತಕಗಳಲ್ಲಿದ್ದಾರೆ, ಮಿಷನ್ ಬಿಟ್ಟು ಓಡಿಹೋಗಿ ಎಲ್ಲೋ ಸತ್ತವರು ಇಲ್ಲಿ ಸಿಗುವುದಿಲ್ಲ. ಒಟ್ಟು ಸಂಖ್ಯೆಗಳನ್ನು ಕಳೆದು ಕೂಡಿ ತೀರ್ಮಾನಕ್ಕೆ ಬರುವ ಮುನ್ನ ಇದನ್ನು ಮರೆಯಬಾರದು.

ಎಂಟನೆಯ ಹೆಜ್ಜೆ: ಹಳೆಯ ಇತಿಹಾಸಕಾರರು

ಹಳೆಯ ಗ್ರಂಥಗಳಲ್ಲಿ ಹಲವು ಹಕ್ಕುಸ್ವಾಮ್ಯ ಮುಗಿದು ಅಂತರಜಾಲದ ಗ್ರಂಥಾಲಯಗಳಲ್ಲಿ ಉಚಿತವಾಗಿ ಸಿಗುವುದರಿಂದ, ಓದುಗರು ಅವುಗಳಿಂದಲೇ ಆರಂಭಿಸಿಬಿಡುವುದುಂಟು. ಅವು ಬೇಕು, ಆದರೆ ಈ ಹಂತದಲ್ಲಿ. ಸೆರ್ರಾ ಅವರ ಶಿಷ್ಯ ಫ್ರಾನ್ಸಿಸ್ಕೊ ಪಾಲೋ 1787ರಲ್ಲಿ ಮೆಕ್ಸಿಕೊದಲ್ಲಿ ಪ್ರಕಟಿಸಿದ ಗುರುಚರಿತ್ರೆ ಭಕ್ತಿಯಿಂದ ಬರೆದದ್ದು, ಅದನ್ನು ಹಾಗೆಯೇ ಓದಬೇಕು. ಹ್ಯೂಬರ್ಟ್ ಹೋ ಬ್ಯಾಂಕ್ರಾಫ್ಟ್ ತಮ್ಮ ಸಹಾಯಕರೊಡನೆ 1884ರಿಂದ 1890ರವರೆಗೆ ಹೊರತಂದ ಕ್ಯಾಲಿಫೋರ್ನಿಯಾ ಚರಿತ್ರೆಯ ಏಳು ಸಂಪುಟಗಳಿಗೆ ಬೇರೆಯೇ ಮಹತ್ವವಿದೆ. 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎದ್ದ ಬೆಂಕಿಯಲ್ಲಿ ಸ್ಪ್ಯಾನಿಷ್ ಆಡಳಿತದ ಮೂಲ ಕಡತಗಳು ಸುಟ್ಟುಹೋದವು. ಅವುಗಳಿಂದ ಬ್ಯಾಂಕ್ರಾಫ್ಟ್‌ರ ಸಹಾಯಕರು ಮಾಡಿಕೊಂಡಿದ್ದ ನಕಲುಗಳು ಇಂದು ಬರ್ಕ್ಲಿಯ ಗ್ರಂಥಾಲಯದಲ್ಲಿ ಉಳಿದಿವೆ. ಆದ್ದರಿಂದ ಈ ಸಂಪುಟಗಳ ಅಭಿಪ್ರಾಯಗಳನ್ನು ಬದಿಗಿರಿಸಿ, ಅಡಿಟಿಪ್ಪಣಿಗಳನ್ನು ಓದುವುದೇ ಹೆಚ್ಚು ಲಾಭಕರ. ಜೆಫಿರಿನ್ ಎಂಗೆಲ್‌ಹಾರ್ಟ್ ಸ್ವತಃ ಫ್ರಾನ್ಸಿಸ್ಕನ್ ಪಾದ್ರಿ. ಅವರ ನಾಲ್ಕು ಸಂಪುಟಗಳು (1908ರಿಂದ 1915) ಮಿಷನ್‌ಗಳ ಪರವಾದ ವಕಾಲತ್ತು, ಆದರೂ ದಾಖಲೆಗಳ ಗಣಿ.

ಹರ್ಬರ್ಟ್ ಬೋಲ್ಟನ್ 1917ರಲ್ಲಿ ಪ್ರಕಟಿಸಿದ, ಮಿಷನ್ನನ್ನು ಗಡಿಸಂಸ್ಥೆಯೆಂದು ವಿವರಿಸುವ ಪ್ರಬಂಧವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಮಿಷನ್ ಚರ್ಚಿನ ಅಂಗವಾಗಿದ್ದಷ್ಟೇ ಸರ್ಕಾರದ ಅಂಗವೂ ಆಗಿತ್ತು ಎಂಬ ಅವರ ಮುಖ್ಯ ಮಾತು ಇಂದಿಗೂ ನಿಲ್ಲುತ್ತದೆ. ಆ ಸಂಸ್ಥೆಯೊಳಗೆ ಬದುಕಿದ ಜನರು ಏನನ್ನು ಕಳೆದುಕೊಂಡರು ಎಂಬ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. ಆ ಪ್ರಶ್ನೆಯನ್ನು ಅಂಕಿಅಂಶಗಳ ಮೂಲಕ ಎತ್ತಿದವರಲ್ಲಿ 1940ರ ದಶಕದಲ್ಲಿ ಬರೆದ ಶರ್ಬರ್ನ್ ಕುಕ್ ಪ್ರಮುಖರು.

ಒಂಬತ್ತನೆಯ ಹೆಜ್ಜೆ: ಮಿಷನ್‌ಗಳ ನಂತರ

ಮೆಕ್ಸಿಕೊ ಸರ್ಕಾರ 1833ರಲ್ಲಿ ಮಿಷನ್‌ಗಳನ್ನು ಚರ್ಚಿನ ಹಿಡಿತದಿಂದ ಬಿಡಿಸುವ ಕಾನೂನು ಮಾಡಿದಾಗ ಮೂಲನಿವಾಸಿಗಳಿಗೆ ಭೂಮಿ ಸಿಗಬೇಕೆಂಬ ಆಶಯವಿತ್ತು, ಆದರೆ ಬಹುಪಾಲು ಭೂಮಿ ದೊಡ್ಡ ಜಾನುವಾರು ಒಡೆಯರ ಪಾಲಾಯಿತು. ಅಮೆರಿಕದ ಆಳ್ವಿಕೆ ಮತ್ತು ಚಿನ್ನದ ಬೇಟೆ ಬಂದ ಮೇಲೆ ನಡೆದದ್ದು ಇನ್ನೂ ಘೋರ. 1846ರಲ್ಲಿ ಸುಮಾರು 1,50,000ದಷ್ಟಿದ್ದ ಮೂಲನಿವಾಸಿಗಳ ಸಂಖ್ಯೆ 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದದ್ದನ್ನು ಬೆಂಜಮಿನ್ ಮ್ಯಾಡ್ಲಿ ‘ಆ್ಯನ್ ಅಮೆರಿಕನ್ ಜೆನೊಸೈಡ್’ (2016) ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ. ಇದನ್ನು ಓದದೆ ಮಿಷನ್ ಕಾಲವನ್ನು ಮಾತ್ರ ಓದಿದರೆ, ಎಲ್ಲ ನಾಶವೂ ಸ್ಪ್ಯಾನಿಷರ ಕಾಲದಲ್ಲಿಯೇ ಮುಗಿಯಿತು, ಜನರೂ ಅಲ್ಲಿಗೇ ಮುಗಿದರು ಎಂಬ ಭಾವನೆ ಬರುತ್ತದೆ. ಎರಡೂ ಸುಳ್ಳು. ಜನರು ಇದ್ದಾರೆ, ಬರೆಯುತ್ತಲೂ ಇದ್ದಾರೆ. ಒಲೋನಿ ಮತ್ತು ಎಸ್ಸೆಲೆನ್ ಮೂಲದ ಡೆಬೊರಾ ಮಿರಾಂಡಾ ಅವರ ‘ಬ್ಯಾಡ್ ಇಂಡಿಯನ್ಸ್’ (2013) ದಾಖಲೆ, ಕವಿತೆ, ಚಿತ್ರ, ಮನೆತನದ ನೆನಪು ಇವನ್ನೆಲ್ಲ ಹೆಣೆದ ಆತ್ಮಕಥನ. ಶಾಲೆಯ ಮಿಷನ್ ಪಾಠ ಮೂಲನಿವಾಸಿ ಮಗುವಿನ ಎದೆಗೆ ಹೇಗೆ ತಾಗುತ್ತದೆ ಎಂಬುದನ್ನು ತಿಳಿಯಬಯಸುವ ತಂದೆತಾಯಿಗಳು ಇದನ್ನು ಮೊದಲು ತಾವು ಓದಿ, ಮಕ್ಕಳು ದೊಡ್ಡವರಾದ ಮೇಲೆ ಅವರ ಕೈಗೆ ಕೊಡಬಹುದು. ಇದರಲ್ಲಿ ಹಿಂಸೆಯ ಪ್ರಸಂಗಗಳಿರುವುದರಿಂದ ಹತ್ತು ವರ್ಷದ ಮಗುವಿಗೆ ಇದು ತಕ್ಕುದಲ್ಲ.

ಹತ್ತನೆಯ ಹೆಜ್ಜೆ: ಸ್ಥಳಕ್ಕೆ ಹೋಗಿ ಓದುವುದು

ಇಷ್ಟನ್ನು ಓದಿದ ಮೇಲೆ ಮಿಷನ್‌ಗೆ ಹೋದರೆ ಕಟ್ಟಡವನ್ನೇ ಒಂದು ಪಠ್ಯದಂತೆ ಓದಲು ಸಾಧ್ಯವಾಗುತ್ತದೆ. ಮೊದಲು ಕೇಳಬೇಕಾದದ್ದು, ಇದರಲ್ಲಿ ಹಳೆಯದು ಎಷ್ಟು ಎಂದು. ಲಾ ಪುರಿಸಿಮಾ ಮಿಷನ್ 1930ರ ದಶಕದಲ್ಲಿ ಪಾಳುಬಿದ್ದ ಗೋಡೆಗಳ ಮೇಲೆ ಮರಳಿ ಕಟ್ಟಲ್ಪಟ್ಟದ್ದು. ಸ್ಯಾನ್ ಹ್ವಾನ್ ಕಪಿಸ್ಟ್ರಾನೊದ ಕಲ್ಲಿನ ಚರ್ಚು 1812ರ ಡಿಸೆಂಬರ್ 8ರ ಭೂಕಂಪದಲ್ಲಿ ಪ್ರಾರ್ಥನೆಗೆ ಸೇರಿದ್ದ ಜನರ ಮೇಲೆಯೇ ಕುಸಿಯಿತು. ಅದರ ಅವಶೇಷವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಎಲ್ಲರ ಕ್ಯಾಮೆರಾಗಳಲ್ಲಿ ಸೆರೆಯಾಗುವ ಹೂದೋಟಗಳಂತೂ ಮಿಷನ್ ಕಾಲದವೇ ಅಲ್ಲ. ಅಂಥ ಅಲಂಕಾರದ ತೋಟ ಮೊದಲು ಬಂದದ್ದು 1872ರಲ್ಲಿ, ಸಾಂಟಾ ಬಾರ್ಬರಾದಲ್ಲಿ. ಅಂಗಳವೆಂದರೆ ಅಂದು ಚರ್ಮ ಹದ ಮಾಡುವ, ನೂಲುವ, ಕೊಬ್ಬು ಕರಗಿಸುವ ಕೆಲಸದ ಜಾಗ. ತೋಟದ ಸೌಂದರ್ಯ ಆ ದುಡಿಮೆಯನ್ನು ಹೇಗೆ ಮರೆಮಾಡಿತು ಎಂಬುದನ್ನು ಎಲಿಜಬೆತ್ ಕ್ರೈಡರ್-ರೀಡ್ ‘ಕ್ಯಾಲಿಫೋರ್ನಿಯಾ ಮಿಷನ್ ಲ್ಯಾಂಡ್‌ಸ್ಕೇಪ್ಸ್’ (2016) ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ. ತೋಟವನ್ನು ದಾಟಿ ಸ್ಮಶಾನದ ಬದಿಗೆ ನಡೆಯಿರಿ. ಏಳನೆಯ ಹೆಜ್ಜೆಯಲ್ಲಿ ನೀವು ಬರೆದಿಟ್ಟುಕೊಂಡ ಹತ್ತು ಹೆಸರುಗಳ ಹಾಳೆ ಆಗ ಕೈಯಲ್ಲಿರಲಿ.

ಕ್ಯಾಲಿಫೋರ್ನಿಯಾದ ಆಚೆಗೆ

ಸ್ಪೇನಿನ ಮಿಷನ್‌ಗಳಲ್ಲಿ ಕ್ಯಾಲಿಫೋರ್ನಿಯಾದವು ತೀರ ತಡವಾಗಿ ಬಂದವು. ಉತ್ತರ ಅಮೆರಿಕದ ಒಟ್ಟು ಹಿನ್ನೆಲೆಗೆ ಡೇವಿಡ್ ವೆಬರ್ ಅವರ ‘ದ ಸ್ಪ್ಯಾನಿಷ್ ಫ್ರಂಟಿಯರ್ ಇನ್ ನಾರ್ತ್ ಅಮೆರಿಕಾ’ (1992) ಸಾಕು. ಅದನ್ನು ಓದುತ್ತ ನಿಮಗೆ ಬೇಕಾದ ಪ್ರದೇಶದತ್ತ ಕವಲೊಡೆಯಬಹುದು. ನ್ಯೂ ಮೆಕ್ಸಿಕೊದಲ್ಲಿ 1680ರ ಆಗಸ್ಟ್‌ನಲ್ಲಿ ಪೊಪೇ ಎಂಬ ನಾಯಕನ ಮುಂದಾಳತ್ವದಲ್ಲಿ ಪ್ವೆಬ್ಲೊ ಎಂಬ ಮೂಲನಿವಾಸಿ ಜನರು, ಗಂಟು ಹಾಕಿದ ಹಗ್ಗಗಳನ್ನು ಓಟಗಾರರ ಕೈಯಲ್ಲಿ ಊರೂರಿಗೆ ಕಳುಹಿಸಿ ದಿನ ಗೊತ್ತುಮಾಡಿಕೊಂಡು, ಸ್ಪ್ಯಾನಿಷರನ್ನು ಹನ್ನೆರಡು ವರ್ಷ ನಾಡಿನಿಂದಲೇ ಹೊರಗಿಟ್ಟರು. ಅರಿಜೋನಾ ಮತ್ತು ಮೆಕ್ಸಿಕೊದ ಸೊನೋರಾಗಳಿಗೆ, ಜೆಸ್ವಿಟ್ ಎಂಬ ಇನ್ನೊಂದು ಕ್ಯಾಥೊಲಿಕ್ ಸಂಘದ ಪಾದ್ರಿ ಎವುಸೆಬಿಯೊ ಕಿನೊ ಅವರ ಸಂಚಾರಗಳು ಪ್ರವೇಶದ್ವಾರ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಮಿಷನ್‌ಗಳು 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು, ಅಲ್ಲಿ ಕಟ್ಟಡಗಳಷ್ಟೇ ನೀರಾವರಿ ಕಾಲುವೆಗಳನ್ನೂ ನೋಡಬೇಕು. ಫ್ಲಾರಿಡಾದಲ್ಲಿ ಮಿಷನ್‌ಗಳು ಕ್ಯಾಲಿಫೋರ್ನಿಯಾಕ್ಕಿಂತ ಸುಮಾರು ಇನ್ನೂರು ವರ್ಷ ಹಳೆಯವು. ಮರ ಮತ್ತು ಮಣ್ಣಿನಿಂದ ಕಟ್ಟಿದ್ದರಿಂದ ನೆಲದ ಮೇಲೆ ಏನೂ ಉಳಿಯಲಿಲ್ಲ, ಜನರ ನೆನಪಿನಿಂದಲೂ ಮರೆಯಾದವು. ಅವುಗಳ ಚರಿತ್ರೆಯನ್ನು ಉತ್ಖನನದ ವರದಿಗಳಲ್ಲಿ ಓದಬೇಕು.

ದಕ್ಷಿಣ ಅಮೆರಿಕದ ಪರಗ್ವಾಯ್ ಪ್ರಾಂತದಲ್ಲಿ ಗ್ವರಾನಿ ಎಂಬ ಮೂಲನಿವಾಸಿಗಳಿದ್ದ ಮಿಷನ್‌ಗಳನ್ನು ನಾನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಸ್ಪೇನ್ ಮತ್ತು ಪೋರ್ಚುಗಲ್ 1750ರಲ್ಲಿ ಗಡಿಯನ್ನು ಹೊಸದಾಗಿ ಎಳೆದು, ಏಳು ಮಿಷನ್‌ಗಳ ಜನರು ಊರು ಬಿಟ್ಟು ನದಿಯ ಆಚೆಗೆ ಹೋಗಬೇಕೆಂದು ಆಜ್ಞಾಪಿಸಿದವು. 1753ರಲ್ಲಿ ಆ ಊರುಗಳ ಗ್ವರಾನಿ ಮುಖಂಡರು, ತಾವು ಈ ಮಣ್ಣನ್ನು ಬಿಡುವುದಿಲ್ಲ ಎಂದು ಬ್ವೇನಸ್ ಐರಿಸ್‌ನ ಗವರ್ನರನಿಗೆ ತಮ್ಮದೇ ಗ್ವರಾನಿ ಭಾಷೆಯಲ್ಲಿ ಪತ್ರ ಬರೆದರು. ಬಾರ್ಬರಾ ಗ್ಯಾನ್ಸನ್ ಅವರ ಗ್ವರಾನಿ ಚರಿತ್ರೆಯಲ್ಲಿ (2003) ಈ ಪ್ರತಿರೋಧದ ವಿವರವಿದೆ. ಪಾಬ್ಲೊ ಟಾಕ್‌ನ ಬರಹವನ್ನು ಓದಿ ಮುಗಿಸಿದವರು ಮುಂದಿನ ಓದಿಗೆ ಆ ಪತ್ರಗಳನ್ನೇ ಆರಿಸಿಕೊಳ್ಳಲಿ.